ಬಾನಿಂದ ಸರಿಯಾಗಿ ಬಂದ ಚಿತ್ರ ಬೀದಿಯಲ್ಲಿ ಯಾಕೆ ಕೆಡುತ್ತದೆ?

ಕೇಬಲ್‌ನಲ್ಲಿ ನೀವು ನೋಡುವ ಚಾನೆಲ್ ಮೊದಲು ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಹೋಗುತ್ತದೆ. ಅಲ್ಲಿಂದ ಅಷ್ಟೇ ದೂರ ಕೆಳಗಿಳಿದು ಕೇಬಲ್‌ನವರ ಕಂಟ್ರೋಲ್ ರೂಮಿನ ಡಿಶ್‌ಗೆ ಬೀಳುತ್ತದೆ. ಹೋಗಿ ಬರುವ ದಾರಿ 72,000 ಕಿ.ಮೀ., ಹಿಡಿಯುವ ಹೊತ್ತು ಕಾಲು ಸೆಕೆಂಡ್. ಇಷ್ಟು ದೂರದಲ್ಲಿ ಅದಕ್ಕೆ ಮತ್ತೆ ಬಲ ತುಂಬುವುದು ಒಂದೇ ಕಡೆ, ಆ ಉಪಗ್ರಹದಲ್ಲಿ. ಆದರೂ ಡಿಶ್‌ಗೆ ಬಂದಾಗ ಚಿತ್ರ ಚೆನ್ನಾಗಿಯೇ ಇರುತ್ತದೆ.

ಅಲ್ಲಿಂದ ನಿಮ್ಮ ಮನೆ ನಾಲ್ಕೈದು ಕಿ.ಮೀ. ಕೆಡುವುದು ಆ ನಾಲ್ಕೈದು ಕಿ.ಮೀ.ನಲ್ಲೇ. ಫೋನ್ ಮಾಡಿದರೆ ಆಪರೇಟರ್ ಕಡೆಯ ಹುಡುಗ ಬಂದು, "ನಿಮ್ದು ಲೈನಲ್ಲಿ ಲಾಸ್ಟ್ ಮನೆ ಸಾರ್, ಸಿಗ್ನಲ್ ವೀಕ್" ಅನ್ನುತ್ತಾನೆ. ಅವನ ಮಾತು ಅರ್ಧ ನಿಜ. ಸಿಗ್ನಲ್ ವೀಕ್ ಆದರೆ ಒಂದು ಆಂಪ್ಲಿಫೈಯರ್ ಹಾಕಿ ಎಷ್ಟು ಬೇಕಾದರೂ ಎತ್ತಬಹುದು. ತೊಂದರೆ ಇರುವುದು ಆ ಎತ್ತುವ ಕೆಲಸದಲ್ಲೇ. ನಿಮಗೂ ಕಂಟ್ರೋಲ್ ರೂಮಿಗೂ ಮಧ್ಯೆ ಎಷ್ಟು ಆಂಪ್ಲಿಫೈಯರ್ ಇವೆ ಅನ್ನುವುದೇ ಚಿತ್ರದ ಹಣೆಬರಹ. ಟಿವಿ ಸಿಗ್ನಲ್ಲನ್ನು ತಂತಿಯಲ್ಲಿ ದೂರ ಒಯ್ಯಲು ತೊಂಬತ್ತು ವರ್ಷದಿಂದ ಮಾಡಿರುವ ಕಸರತ್ತೆಲ್ಲ ಬಹುಪಾಲು ಈ ಸಂಖ್ಯೆ ಇಳಿಸುವುದಕ್ಕೇ.

ಮೊದಲು ತಂತಿಯ ಸಮಾಚಾರ. ಮನೆಗೆ ಬರುವ ಆ ಕಪ್ಪು ಕೇಬಲ್‌ಗೆ ಆರ್‌ಜಿ-6 ಅನ್ನುತ್ತಾರೆ. ಒಂದು ತುಂಡು ಕತ್ತರಿಸಿ ನೋಡಿ. ಹೊರಗೆ ಪ್ಲಾಸ್ಟಿಕ್ ಸಿಪ್ಪೆ, ಅದರೊಳಗೆ ತಂತಿಯ ಜಾಲರಿ ಮತ್ತು ಬೆಳ್ಳಗಿನ ಹಾಳೆ, ಅದರೊಳಗೆ ನೊರೆಯಂಥ ಬಿಳಿ ಪ್ಲಾಸ್ಟಿಕ್, ನಟ್ಟ ನಡುವೆ ಒಂದು ತಾಮ್ರದ ಕಡ್ಡಿ. ಆ ಕಡ್ಡಿಗೆ ಅಯಸ್ಕಾಂತ ಹಿಡಿದು ನೋಡಿ, ಹೆಚ್ಚಿನ ಕೇಬಲ್‌ಗಳಲ್ಲಿ ಅಂಟಿಕೊಳ್ಳುತ್ತದೆ. ತಾಮ್ರಕ್ಕೆ ಅಯಸ್ಕಾಂತ ಹಿಡಿಯಬಾರದಲ್ವಾ? ಒಳಗಿರುವುದು ಉಕ್ಕು, ಮೇಲೆ ತಾಮ್ರದ ತೆಳು ಲೇಪ. ಇದು ಮೋಸವಲ್ಲ. ಆವರ್ತನ, ಅಂದರೆ ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದು, ಏರಿದಂತೆ ಕರೆಂಟ್ ತಂತಿಯ ಒಡಲಲ್ಲಿ ಹರಿಯುವುದನ್ನು ಬಿಟ್ಟು ಮೈಮೇಲಷ್ಟೇ ಹರಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಹತ್ತು ಕೋಟಿ ಸಲ) ಅದು ತಾಮ್ರದೊಳಗೆ ಇಳಿಯುವುದು ಸುಮಾರು 7 ಮೈಕ್ರಾನ್ ಮಾತ್ರ, ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗ. ನಡುವಿನ ಲೋಹ ಯಾವುದಾದರೇನು, ಟಿವಿ ಸಿಗ್ನಲ್‌ಗೆ ಗೊತ್ತೇ ಆಗುವುದಿಲ್ಲ.

ಕರೆಂಟಿಗೆ ಹರಿಯಲು ಸಿಗುವ ಜಾಗ ಕಿರಿದಾದಷ್ಟೂ ತಡೆ ಜಾಸ್ತಿ. ಹಾಗಾಗಿ ಆವರ್ತನ ನಾಲ್ಕು ಪಟ್ಟು ಏರಿದರೆ ಕೇಬಲ್‌ನ ನಷ್ಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಷ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ, ಬಾಯಲ್ಲಿ ಹೇಳುವಾಗ ಡಿಬಿ. 3 ಡಿಬಿ ಹೋದರೆ ಶಕ್ತಿ ಅರ್ಧವಾಯಿತು. 10 ಹೋದರೆ ಹತ್ತನೇ ಒಂದು, 20 ಹೋದರೆ ನೂರನೇ ಒಂದು ಭಾಗ ಉಳಿಯಿತು. ಕೇಬಲ್ ಟಿವಿಯ ಮೇಲಿನ ತುದಿ, ಅಂದರೆ 800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, 100 ಮೀ. ಆರ್‌ಜಿ-6 ಸುಮಾರು 20 ಡಿಬಿ ನುಂಗುತ್ತದೆ. 200 ಮೀಟರಿಗೆ 40 ಡಿಬಿ, ಅಂದರೆ ಹತ್ತು ಸಾವಿರದಲ್ಲಿ ಒಂದು ಭಾಗ. 1 ಕಿಲೋಮೀಟರಿಗೆ 200 ಡಿಬಿ. ಒಂದರ ಮುಂದೆ 20 ಸೊನ್ನೆ ಬರೆದು, ಅಷ್ಟರಲ್ಲಿ ಒಂದು ಪಾಲು ಉಳಿಯಿತು ಅಂದುಕೊಳ್ಳಿ.

ಈಗ ಉಪಗ್ರಹದ ಲೆಕ್ಕ ಪಕ್ಕದಲ್ಲಿಡಿ. 4 ಗಿಗಾಹರ್ಟ್ಸ್‌ನ ಸಿಗ್ನಲ್ 36,000 ಕಿ.ಮೀ. ಬರುವಾಗ ಹರಡಿ ಕಳೆದುಕೊಳ್ಳುವುದು ಸುಮಾರು 196 ಡಿಬಿ. ಅಂದರೆ ಇಡೀ ಆಕಾಶದ ದಾರಿಗಿಂತ 1 ಕಿ.ಮೀ. ಆರ್‌ಜಿ-6 ಕೊಂಚ ಜಾಸ್ತಿಯೇ ತಿನ್ನುತ್ತದೆ. ಸೋಜಿಗ ಅಂದರೆ, ಉಪಗ್ರಹವನ್ನು ಎರಡು ಪಟ್ಟು ದೂರ ಇಟ್ಟರೂ ನಷ್ಟ ಏರುವುದು ಬರೀ 6 ಡಿಬಿ. ಬಯಲಿನಲ್ಲಿ ಸಿಗ್ನಲ್ ಹರಡುತ್ತದೆ ಅಷ್ಟೇ, ಕರಗುವುದಿಲ್ಲ. ದೊಡ್ಡ ಡಿಶ್ ಇಟ್ಟು ಹರಡಿದ್ದನ್ನು ಒಂದಷ್ಟು ಬಾಚಿಕೊಳ್ಳಬಹುದು. ಕೇಬಲ್‌ನಲ್ಲಿ ಅದು ನಿಜವಾಗಿಯೂ ಬಿಸಿಯಾಗಿ ಕರಗಿ ಹೋಗುತ್ತದೆ. ಉದ್ದ ಎರಡು ಪಟ್ಟಾದರೆ ಇನ್ನೂ 200 ಡಿಬಿ. ಬಾಚಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಹಾಗಾಗಿ ಸಿಗ್ನಲ್ ಪೂರ್ತಿ ಸಾಯುವ ಮೊದಲು ಎತ್ತಬೇಕು. ಬೀದಿಯ ಮುಖ್ಯ ಲೈನಿಗೆ ಇನ್ನೂ ದಪ್ಪ ಕೇಬಲ್ ಹಾಕುತ್ತಾರೆ, ಅದರಲ್ಲಿ ನಷ್ಟ ಕಮ್ಮಿ. ಆದರೂ ಕೆಲವು ನೂರು ಮೀಟರಿಗೊಂದು ಆಂಪ್ಲಿಫೈಯರ್ ಬೇಕೇ ಬೇಕು. ಕಂಬದ ಮೇಲೋ ಯಾರದೋ ಮನೆಯ ಟೆರೇಸಿನ ಗೋಡೆಯಲ್ಲೋ ಬೂದು ಬಣ್ಣದ ಅಲ್ಯೂಮಿನಿಯಂ ಪೆಟ್ಟಿಗೆ ನೋಡಿರುತ್ತೀರಿ, ಅದೇ. ಅದಕ್ಕೆ ಬೇರೆ ಕರೆಂಟ್ ಲೈನ್ ಬೇಕಿಲ್ಲ. ಸಾಮಾನ್ಯವಾಗಿ 60 ವೋಲ್ಟ್ ಎಸಿಯನ್ನು ಟಿವಿ ಸಿಗ್ನಲ್ ಜೊತೆಗೇ ಅದೇ ಕೇಬಲ್‌ನಲ್ಲಿ ಕಳಿಸುತ್ತಾರೆ. ಪೆಟ್ಟಿಗೆ ಎರಡನ್ನೂ ಬೇರೆ ಮಾಡಿ, ಕರೆಂಟನ್ನು ತಾನು ಬಳಸಿ, ಉಳಿದದ್ದನ್ನು ಮುಂದಿನ ಪೆಟ್ಟಿಗೆಗೆ ಸಾಗಿಸುತ್ತದೆ.

ಪೆಟ್ಟಿಗೆಯೊಳಗೆ ಸುಮ್ನೆ ದೊಡ್ಡದು ಮಾಡುವುದಷ್ಟೇ ಕೆಲಸವಲ್ಲ. ಒಂದೊಂದು ಚಾನೆಲ್ ಒಂದೊಂದು ಆವರ್ತನದಲ್ಲಿ ಬರುತ್ತದೆ. ಮೇಲಿನ ಆವರ್ತನದ ಚಾನೆಲ್‌ಗಳು ಜಾಸ್ತಿ ಸೊರಗಿ ಬಂದಿರುತ್ತವೆ, ಕೆಳಗಿನವು ಅಷ್ಟು ಸೊರಗಿರುವುದಿಲ್ಲ. ಎಲ್ಲವನ್ನೂ ಒಂದೇ ಸಮ ಎತ್ತಿದರೆ ನಾಲ್ಕು ಪೆಟ್ಟಿಗೆ ದಾಟುವಷ್ಟರಲ್ಲಿ ಕೆಳಗಿನವು ಚೀರುತ್ತಿರುತ್ತವೆ, ಮೇಲಿನವು ಪಿಸುಗುಡುತ್ತಿರುತ್ತವೆ. ಅದಕ್ಕೆ ಈಕ್ವಲೈಸರ್ ಇದೆ. ಕೇಬಲ್ ಎಷ್ಟು ಓರೆ ಮಾಡಿತೋ ಅಷ್ಟೇ ವಿರುದ್ಧ ದಿಕ್ಕಿಗೆ ಓರೆ ಮಾಡಿ ಸಮ ಮಾಡುವ ಭಾಗ ಅದು. ಅನಲಾಗ್ ಕಾಲದಲ್ಲಿ ಚಾನೆಲ್‌ನವರು ಕೆಳಗಿನ ಬ್ಯಾಂಡಿನಲ್ಲಿ ಜಾಗ ಕೊಡಿ ಅಂತ ಕೇಬಲ್‌ನವರಿಗೆ ಕ್ಯಾರೇಜ್ ಫೀ ಕಟ್ಟುತ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಹಳೆಯ ಟಿವಿಗಳು ಮೇಲಿನ ಬ್ಯಾಂಡುಗಳನ್ನು ಹಿಡಿಯುತ್ತಲೇ ಇರಲಿಲ್ಲ, ಹಿಡಿದರೂ ಚಿತ್ರ ಅಷ್ಟಕ್ಕಷ್ಟೇ.

ಈಗ ಅಸಲು ವಿಷಯ. ಯಾವುದೇ ಎಲೆಕ್ಟ್ರಾನಿಕ್ ಭಾಗದಲ್ಲಿ, ಬರೀ ಬಿಸಿಯ ಕಾರಣಕ್ಕೇ ಎಲೆಕ್ಟ್ರಾನ್‌ಗಳು ಕುಣಿಯುತ್ತಿರುತ್ತವೆ. ಅದರಿಂದ ಹುಟ್ಟುವ ಸಣ್ಣ ಗದ್ದಲಕ್ಕೆ ನಾಯ್ಸ್ ಅನ್ನುತ್ತಾರೆ. ಆಂಪ್ಲಿಫೈಯರ್‌ಗೆ ಚಿತ್ರ ಯಾವುದು, ನಾಯ್ಸ್ ಯಾವುದು ಗೊತ್ತಾಗುವುದಿಲ್ಲ. ಬಂದದ್ದನ್ನೆಲ್ಲ ಎತ್ತುತ್ತದೆ, ಜೊತೆಗೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ಮುಂದಿನದು ಈ ಸೇರಿದ್ದನ್ನೂ ಎತ್ತಿ ತನ್ನದನ್ನೂ ಸೇರಿಸುತ್ತದೆ. ಜೆರಾಕ್ಸ್‌ನ ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ. ಅಕ್ಷರ ಮೊದಲಿನಷ್ಟೇ ದೊಡ್ಡದಿರುತ್ತದೆ, ಹಾಳೆ ಮಾತ್ರ ಕಪ್ಪಾಗುತ್ತಾ ಹೋಗುತ್ತದೆ.

ಲೆಕ್ಕ ಸುಲಭ. ಒಂದೇ ಥರದ ಆಂಪ್ಲಿಫೈಯರ್‌ಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಗುಣಮಟ್ಟ 3 ಡಿಬಿ ಕುಸಿಯುತ್ತದೆ. ಒಂದು ಆಂಪ್ಲಿಫೈಯರ್ ಆದಮೇಲೆ ಚಿತ್ರ ನಾಯ್ಸ್‌ಗಿಂತ 60 ಡಿಬಿ ಮೇಲಿತ್ತು ಅಂದುಕೊಳ್ಳಿ. ಎರಡಕ್ಕೆ 57, ನಾಲ್ಕಕ್ಕೆ 54, ಎಂಟಕ್ಕೆ 51, ಹದಿನಾರಕ್ಕೆ 48, ಮೂವತ್ತೆರಡಕ್ಕೆ 45. ಅನಲಾಗ್ ಕೇಬಲ್‌ಗೆ ಅಮೆರಿಕದ ನಿಯಮ ಇಟ್ಟಿದ್ದ ಕನಿಷ್ಠ ಮಟ್ಟ 43 ಡಿಬಿ. ಅದಕ್ಕಿಂತ ಕೆಳಗೆ ಹೋದರೆ ಪರದೆ ತುಂಬ ಚುಕ್ಕಿ.

ಹಾಗಾದರೆ ಪ್ರತಿ ಪೆಟ್ಟಿಗೆಗೂ ಜೋರಾಗಿ ಕೊಟ್ಟುಬಿಟ್ಟರೆ ನಾಯ್ಸ್ ಕೆಳಗೆ ಉಳಿಯುತ್ತದಲ್ವಾ? ಉಳಿಯುತ್ತದೆ, ಆದರೆ ಬೇರೆ ಪೀಡೆ ಶುರುವಾಗುತ್ತದೆ. ಜೋರು ಜಾಸ್ತಿಯಾದರೆ ಆಂಪ್ಲಿಫೈಯರ್ ಸರಿಯಾಗಿ ನಕಲು ಮಾಡುವುದಿಲ್ಲ, ಚಾನೆಲ್‌ಗಳು ಒಂದರೊಳಗೊಂದು ಕಲೆಸುತ್ತವೆ. ಒಂದು ಚಾನೆಲ್‌ನ ಹಿಂದೆ ಇನ್ನೊಂದರ ಪಟ್ಟಿಗಳು ಮೆಲ್ಲಗೆ ತೇಲುವುದನ್ನು ಹಳಬರು ನೋಡಿರುತ್ತಾರೆ. ಈ ಕಲಬೆರಕೆ ನಾಯ್ಸ್‌ಗಿಂತ ಬೇಗ ಬೆಳೆಯುತ್ತದೆ, ಪೆಟ್ಟಿಗೆ ದುಪ್ಪಟ್ಟಾದರೆ 6 ಡಿಬಿವರೆಗೂ ಕುಸಿತ. ಕೆಳಗೆ ನಾಯ್ಸ್, ಮೇಲೆ ಕಲಬೆರಕೆ, ನಡುವೆ ಒಂದು ಕಿರಿದಾದ ಕಿಂಡಿ. ಲೈನ್ ಉದ್ದವಾದಷ್ಟೂ ಆ ಕಿಂಡಿ ಎರಡೂ ಕಡೆಯಿಂದ ಮುಚ್ಚುತ್ತಾ ಬರುತ್ತದೆ.

ಈ ಇಕ್ಕಟ್ಟಿಗೆ ಮೊದಲು ಸಿಕ್ಕಿಕೊಂಡವರು ಟೆಲಿಫೋನ್ ಎಂಜಿನಿಯರ್‌ಗಳು. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ 1929ರಲ್ಲಿ ಕೊಆಕ್ಸಿಯಲ್ ಕೇಬಲ್ (ನಡುವೆ ಕಡ್ಡಿ, ಸುತ್ತ ಲೋಹದ ಕವಚ ಇರುವ ಇದೇ ಜಾತಿಯ ಕೇಬಲ್) ವ್ಯವಸ್ಥೆಗೆ ಪೇಟೆಂಟ್ ಅರ್ಜಿ ಹಾಕಿದರು. ಮುಖ್ಯ ಉದ್ದೇಶ ಒಂದೇ ಕೇಬಲ್‌ನಲ್ಲಿ ನೂರಾರು ಫೋನ್ ಕರೆ ತುರುಕುವುದು. ಟಿವಿಗೂ ಅದು ಹೇಳಿ ಮಾಡಿಸಿದಂತಿತ್ತು. 1936ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ಬರ್ಲಿನ್ ಮತ್ತು ಲೈಪ್‌ಜಿಗ್ ನಡುವೆ ಕೇಬಲ್ ಮೇಲೆ ಮುಖ ನೋಡಿಕೊಂಡು ಮಾತಾಡುವ ಸೇವೆಯನ್ನೇ ಶುರುಮಾಡಿದ್ದರು. 1937ರಲ್ಲಿ ನ್ಯೂಯಾರ್ಕ್‌ನಿಂದ ಫಿಲಡೆಲ್ಫಿಯಾಕ್ಕೆ 240 ಗೆರೆಗಳ ಚಿತ್ರ ಹೋಯಿತು. 1946ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನಿಂದ ನ್ಯೂಯಾರ್ಕ್‌ಗೂ ಟಿವಿ ಲೈನ್ ಸಿಕ್ಕಿತು.

ಎಟಿ ಅಂಡ್ ಟಿಯ ಆ ಕಾಲದ ಎಲ್-1 ಅನ್ನುವ ಕೇಬಲ್ ವ್ಯವಸ್ಥೆಯಲ್ಲಿ ಸುಮಾರು 8 ಮೈಲಿಗೊಂದು, ಅಂದರೆ 13 ಕಿ.ಮೀ.ಗೊಂದು ಆಂಪ್ಲಿಫೈಯರ್. ಒಳಗೆ ವ್ಯಾಕ್ಯೂಮ್ ಟ್ಯೂಬ್‌ಗಳು. ಅಷ್ಟು ದೂರ ದಕ್ಕಿದ್ದು ಆವರ್ತನ ಬಲು ಕಮ್ಮಿ ಇದ್ದದ್ದರಿಂದ. ಒಟ್ಟು ಅಗಲವೇ 3 ಮೆಗಾಹರ್ಟ್ಸ್. ಅಮೆರಿಕದ ಟಿವಿ ಚಿತ್ರಕ್ಕೆ 4 ಮೆಗಾಹರ್ಟ್ಸ್‌ಗಿಂತ ಜಾಸ್ತಿ ಬೇಕಿತ್ತು. ಹಾಗಾಗಿ ಚಿತ್ರದ ನಯವನ್ನೆಲ್ಲ ಕತ್ತರಿಸಿ ಕಳಿಸುತ್ತಿದ್ದರು.

ಫೋನ್‌ಗೆಂದು ಹಾಕಿದ ಲೈನಿನಲ್ಲಿ ಟಿವಿ ಕಳಿಸಿದಾಗ ಇನ್ನೊಂದು ತಲೆನೋವು ಬಂತು. ಕೇಬಲ್ ಮತ್ತು ಫಿಲ್ಟರ್‌ಗಳಲ್ಲಿ ಎಲ್ಲ ಆವರ್ತನಗಳೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಮಾತಿನಲ್ಲಿ ಒಂದು ಸ್ವರ ಕೂದಲೆಳೆಯಷ್ಟು ತಡವಾದರೆ ಕಿವಿಗೆ ಗೊತ್ತೂ ಆಗುವುದಿಲ್ಲ. ಟಿವಿಯಲ್ಲಿ ಹಾಗಲ್ಲ. ಪರದೆಯ ಒಂದು ಗೆರೆಯನ್ನು ಎಡದಿಂದ ಬಲಕ್ಕೆ ಬರೆಯಲು ಸಿಗುವ ಹೊತ್ತು ಸುಮಾರು 52 ಮೈಕ್ರೊಸೆಕೆಂಡ್. 50 ಸೆಂ.ಮೀ. ಅಗಲದ ಪರದೆಯಲ್ಲಿ ಒಂದು ಮೈಕ್ರೊಸೆಕೆಂಡ್ ತಡ ಅಂದರೆ ಚಿತ್ರದ ಆ ಭಾಗ 1 ಸೆಂ.ಮೀ. ಪಕ್ಕಕ್ಕೆ ಹೋಗಿ ಬಿತ್ತು. ಅದಕ್ಕಾಗಿಯೇ ದಾರಿಯುದ್ದಕ್ಕೂ ವೇಗದ ಏರುಪೇರು ಸರಿಮಾಡುವ ಬೇರೆ ಉಪಕರಣ ಕೂರಿಸಬೇಕಾಯಿತು.

ಇದೇ ಲೆಕ್ಕ ಕೇಬಲ್ ಟಿವಿಯಲ್ಲಿ ನೆರಳಾಗಿ ಕಾಣುತ್ತಿತ್ತು. ಎಲ್ಲೋ ಒಂದು ಜಾಯಿಂಟ್ ಸಡಿಲ, ಅಥವಾ ಟಿವಿಯನ್ನೇ ಕಿತ್ತು ವೈರ್ ಬಾಯಿ ಬಿಟ್ಟುಕೊಂಡು ನೇತಾಡುತ್ತಿದೆ ಅನ್ನಿ. ಸಿಗ್ನಲ್ ಅಲ್ಲಿಗೆ ಹೋಗಿ ಬಡಿದು ವಾಪಸ್ ಬರುತ್ತದೆ, ಮತ್ತೊಂದು ಕೆಟ್ಟ ಜಾಯಿಂಟ್‌ಗೆ ಬಡಿದು ಮತ್ತೆ ಮುಂದಕ್ಕೆ ಹೋಗುತ್ತದೆ. ಹೀರೊ ಪಕ್ಕದಲ್ಲಿ ಮಸುಕಾಗಿ ಇನ್ನೊಬ್ಬ ಹೀರೊ. ಕೇಬಲ್‌ನಲ್ಲಿ ಸಿಗ್ನಲ್ ಒಂದು ಮೈಕ್ರೊಸೆಕೆಂಡಿಗೆ 250 ಮೀ. ಆಸುಪಾಸು ಓಡುತ್ತದೆ. ಹಾಗಾಗಿ ಆ ಪರದೆಯ ಮೇಲೆ ನೆರಳು 1 ಸೆಂ.ಮೀ. ಸರಿದಿದ್ದರೆ ಎರಡು ಕೆಟ್ಟ ಜಾಗಗಳ ನಡುವೆ ಸುಮಾರು 125 ಮೀ. ಕೇಬಲ್ ಇದೆ ಅಂತ ಕೂತಲ್ಲೇ ಅಂದಾಜು ಮಾಡಬಹುದಿತ್ತು.

ಮತ್ತೆ ಅಮೆರಿಕಕ್ಕೆ. ಪೂರ್ವದ ನ್ಯೂಯಾರ್ಕ್‌ನಿಂದ ಪಶ್ಚಿಮದ ಸ್ಯಾನ್‌ಫ್ರಾನ್ಸಿಸ್ಕೊಗೆ ಲೈನಿನ ದಾರಿ ಹಿಡಿದರೆ 4,500 ಕಿ.ಮೀ.ಗಿಂತ ಜಾಸ್ತಿ. ಎಲ್-1 ಲೆಕ್ಕದಲ್ಲಿ ಹಾಕಿದರೆ ಮುನ್ನೂರೈವತ್ತರ ಮೇಲೆ ಆಂಪ್ಲಿಫೈಯರ್. ಖಂಡ ದಾಟುವ ಲೈನ್ ಬರುವವರೆಗೆ ಟಿವಿ ಪರದೆಯನ್ನೇ ಫಿಲ್ಮ್‌ನಲ್ಲಿ ಚಿತ್ರೀಕರಿಸಿ ಡಬ್ಬಗಳನ್ನು ಆಚೆ ಕರಾವಳಿಗೆ ಕಳಿಸುತ್ತಿದ್ದರು. ಎಟಿ ಅಂಡ್ ಟಿ ಇನ್ನೊಂದು ದಾರಿ ಹಿಡಿಯಿತು. ಬೆಟ್ಟದಿಂದ ಬೆಟ್ಟಕ್ಕೆ ಗೋಪುರ ನಿಲ್ಲಿಸಿ ಮೈಕ್ರೊವೇವ್‌ನಲ್ಲಿ ಸಿಗ್ನಲ್ ಹಾರಿಸಿದರು. ಇಡೀ ಖಂಡ ದಾಟಲು 107 ಗೋಪುರ ಸಾಕಾಯಿತು. 1951ರ ಸೆಪ್ಟೆಂಬರ್ 4ರಂದು ಜಪಾನ್ ಶಾಂತಿ ಒಪ್ಪಂದದ ಸಮ್ಮೇಳನದಲ್ಲಿ ಅಧ್ಯಕ್ಷ ಟ್ರೂಮನ್ ಮಾಡಿದ ಭಾಷಣ ಸ್ಯಾನ್‌ಫ್ರಾನ್ಸಿಸ್ಕೊದಿಂದ ಪೂರ್ವ ಕರಾವಳಿಯ ಮನೆಗಳಿಗೆ ನೇರವಾಗಿ ಬಂತು. (ಆ ಸಮ್ಮೇಳನಕ್ಕೆ ಭಾರತ ಹೋಗಿರಲಿಲ್ಲ. ಅದು ಬೇರೆ ಕತೆ.)

ನಮ್ಮಲ್ಲಿ ಈ ಹಂತ ಬಹುಮಟ್ಟಿಗೆ ಬರಲೇ ಇಲ್ಲ. 1982ರ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಊರೂರಿನ ಟವರ್‌ಗೆ ಅದನ್ನು ಮುಟ್ಟಿಸುವ ಭಾರ ಉಪಗ್ರಹದ್ದು. ಹಾಸನದಲ್ಲಿ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಶುರುವಾದದ್ದೂ ಅದೇ ವರ್ಷ, ಇನ್ಸಾಟ್ ಉಪಗ್ರಹಗಳ ಲಗಾಮು ಅಲ್ಲಿದೆ. ಕೇಬಲ್ ಬಂದದ್ದು ಕೆಳಗಿನಿಂದ. ಮೊದಲು ಅಪಾರ್ಟ್‌ಮೆಂಟುಗಳಲ್ಲಿ ಒಂದು ವಿಸಿಆರ್, ಹತ್ತಿಪ್ಪತ್ತು ಮನೆಗೆ ವೈರ್. 1991ರಲ್ಲಿ ಕೊಲ್ಲಿ ಯುದ್ಧ, ಸ್ಟಾರ್ ಟಿವಿ ಬಂದಮೇಲೆ ಮೇಲೊಂದು ಡಿಶ್. ಆಮೇಲೆ ಟೆರೇಸಿನಿಂದ ಟೆರೇಸಿಗೆ, ತೆಂಗಿನ ಮರದಿಂದ ಕರೆಂಟ್ ಕಂಬಕ್ಕೆ ಅಂತ ಲೈನ್ ಬೆಳೆಯಿತು. ಹೊಸ ಮನೆ ಸೇರಿದಾಗ ಒಂದು ಸ್ಪ್ಲಿಟರ್, ಚಿತ್ರ ಮಂಕಾದಾಗ ಒಂದು ಆಂಪ್ಲಿಫೈಯರ್. ಯಾರೂ ಕಿಂಡಿಯ ಲೆಕ್ಕ ಹಾಕಲಿಲ್ಲ. ಲಾಸ್ಟ್ ಮನೆಯವರ ಗೋಳು ಶುರುವಾದದ್ದು ಹೀಗೆ.

ಬಿಸಿಲಿನ ಪ್ರಭಾವವನ್ನೂ ಹೇಳಿಬಿಡುತ್ತೇನೆ. ಕೇಬಲ್‌ನ ನಷ್ಟ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.2ರಷ್ಟು ಏರುತ್ತದೆ. ಏನು ಮಹಾ ಅನಿಸಬಹುದು. 20 ಪೆಟ್ಟಿಗೆಗಳ ಲೈನಿನಲ್ಲಿ ಪೆಟ್ಟಿಗೆಗೆ 20 ಡಿಬಿಯಂತೆ ಒಟ್ಟು ನಷ್ಟ 400 ಡಿಬಿ. ಬೆಳಗಿನ ಜಾವಕ್ಕೂ ಮಟಮಟ ಮಧ್ಯಾಹ್ನಕ್ಕೂ 20 ಡಿಗ್ರಿ ವ್ಯತ್ಯಾಸವಾದರೆ ಶೇ. 4, ಅಂದರೆ 16 ಡಿಬಿ. ಸಿಗ್ನಲ್ ನಲವತ್ತನೇ ಒಂದು ಭಾಗಕ್ಕೆ ಇಳಿಯಿತು! ಅದಕ್ಕೆ ಒಳ್ಳೆಯ ಮುಖ್ಯ ಲೈನ್‌ಗಳಲ್ಲಿ ಚಾನೆಲ್‌ಗಳ ಜೊತೆ ಪೈಲಟ್ ಅನ್ನುವ ಮಟ್ಟ ಬದಲಾಗದ ಸಿಗ್ನಲ್ ಒಂದನ್ನು ಕಳಿಸುತ್ತಾರೆ. ಆಂಪ್ಲಿಫೈಯರ್ ಅದನ್ನು ನೋಡಿಕೊಂಡು ತನ್ನ ಬಲವನ್ನು ತಾನೇ ಏರಿಸಿ ಇಳಿಸುತ್ತದೆ.

ಈ ಸರಪಳಿಯನ್ನು ಕಡಿದದ್ದು ಗಾಜು. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಕಿಲೋಮೀಟರಿಗೆ 20 ಡಿಬಿಗಿಂತ ಕಮ್ಮಿ ನಷ್ಟದ ಫೈಬರ್, ಅಂದರೆ ಬೆಳಕು ಒಯ್ಯುವ ಗಾಜಿನ ಎಳೆ, ಎಳೆದು ತೋರಿಸಿದರು. ಇವತ್ತಿನ ಫೈಬರ್‌ನಲ್ಲಿ 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡಿಬಿ, 1550ಕ್ಕೆ ಸುಮಾರು 0.2. 1310ರಲ್ಲಿ 20 ಕಿ.ಮೀ. ಹೋದರೂ 7 ಡಿಬಿ ಅಷ್ಟೇ, ಬೆಳಕಿನ ಐದನೇ ಒಂದು ಭಾಗ ಉಳಿದಿರುತ್ತದೆ. ಮೇಲಿನ ಚಾನೆಲ್‌ಗಳು ಆರ್‌ಜಿ-6ನಲ್ಲಿ ಅಷ್ಟನ್ನೇ ಕಳೆದುಕೊಳ್ಳಲು 35 ಮೀ. ಸಾಕು. ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಇಡೀ ಚಾನೆಲ್‌ಗಳ ಕಟ್ಟನ್ನು ಲೇಸರ್ ಬೆಳಕಿಗೆ ಏರಿಸಿ, ಬಡಾವಣೆಯ ನೋಡ್ ಪೆಟ್ಟಿಗೆಯವರೆಗೆ ಫೈಬರ್‌ನಲ್ಲಿ ಒಯ್ದು, ಅಲ್ಲಿ ಮತ್ತೆ ಕೇಬಲ್‌ಗೆ ಇಳಿಸುವ ಪದ್ಧತಿ ಬಂತು. ಇಪ್ಪತ್ತು ಮೂವತ್ತು ಆಂಪ್ಲಿಫೈಯರ್ ಇದ್ದ ಕಡೆ ಮೂರು ನಾಲ್ಕು ಉಳಿದವು.

ಇನ್ನು ಡಿಜಿಟಲ್. ಸರಕಾರ ಹಂತಹಂತವಾಗಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಮಾಡಿತು. ಬೆಂಗಳೂರು, ಮೈಸೂರಿಗೆ ಗಡುವು 2013ರ ಮಾರ್ಚ್ 31. ಒಂದು ಅನಲಾಗ್ ಚಾನೆಲ್ ಕೂರುತ್ತಿದ್ದ ಜಾಗದಲ್ಲಿ ಹತ್ತಕ್ಕೂ ಹೆಚ್ಚು ಚಾನೆಲ್ ಕೂತವು. 8 ಮೆಗಾಹರ್ಟ್ಸ್ ಜಾಗದಲ್ಲಿ 64 ಕ್ವಾಮ್ ಅನ್ನುವ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹೋಗುತ್ತದೆ. ಎಂಟಕ್ಕೆ ಎಂಟರ ಮನೆಗಳಲ್ಲಿ ಒಂದೊಂದು ಚುಕ್ಕೆ ಇದೆ ಅಂದುಕೊಳ್ಳಿ. ಪ್ರತಿ ಸಲ ಕಳಿಸುವುದು ಆ 64ರಲ್ಲಿ ಒಂದನ್ನು. ನಾಯ್ಸ್ ಆ ಚುಕ್ಕೆಯನ್ನು ಅಲ್ಲಾಡಿಸುತ್ತದೆ. ತನ್ನ ಮನೆಯೊಳಗೇ ಅಲ್ಲಾಡಿದರೆ ಬಾಕ್ಸ್ ಸರಿಯಾಗಿ ಓದುತ್ತದೆ. ಗೋಡೆ ದಾಟಿ ಪಕ್ಕದ ಮನೆಗೆ ಬಿದ್ದರೆ ತಪ್ಪು. ಒಂದಷ್ಟು ತಪ್ಪನ್ನು ತಿದ್ದಿಕೊಳ್ಳುವ ವ್ಯವಸ್ಥೆ ಇದೆ. ಅದರ ಮಿತಿ ದಾಟಿದ ಕೂಡಲೇ ಚೌಕ ಚೌಕ, ಆಮೇಲೆ ಚಿತ್ರ ಗಪ್ಪನೆ ನಿಂತುಬಿಡುತ್ತದೆ. ಮಂಕಾಗುವ, ಚುಕ್ಕಿ ಬರುವ ಮುನ್ಸೂಚನೆ ಏನೂ ಇಲ್ಲ.

ಡಿಜಿಟಲ್ ಬಂದಮೇಲೆ ನಾಯ್ಸ್ ಸೇರುವುದೇ ಇಲ್ಲ ಅಂತ ತುಂಬ ಜನ ನಂಬಿದ್ದಾರೆ. ಬೀದಿಯ ಆಂಪ್ಲಿಫೈಯರ್ ಮಾತ್ರ ಇನ್ನೂ ಹಳೆಯ ಜೆರಾಕ್ಸ್ ಮಿಷನ್ನೇ, ಅದಕ್ಕೆ ಕ್ವಾಮ್ ಗೊತ್ತಿಲ್ಲ. ಬದಲಾವಣೆ ಆದದ್ದು ಊರಿಂದ ಊರಿಗೆ ಹೋಗುವ ಲೈನಿನಲ್ಲಿ. ಬೆಂಗಳೂರಿನ ಹೆಡ್‌ಎಂಡ್‌ನಿಂದ (ಕೇಬಲ್ ಕಂಪನಿಯ ಮುಖ್ಯ ಕಂಟ್ರೋಲ್ ರೂಮ್) ಉತ್ತರದ ಜಿಲ್ಲೆಗಳಿಗೆ ಚಾನೆಲ್‌ಗಳು ಫೈಬರ್‌ನಲ್ಲಿ ಡೇಟಾ ಆಗಿ ಹೋಗುವಾಗ, ದಾರಿಯ ಉಪಕರಣ ಸೊನ್ನೆ ಒಂದುಗಳನ್ನು ಓದಿ, ಹೊಸದಾಗಿ ಟೈಪ್ ಮಾಡಿ ಮುಂದಕ್ಕೆ ಕೊಡುತ್ತದೆ. ಹಳೆಯ ನಾಯ್ಸ್ ಅಲ್ಲೇ ಬಿದ್ದುಹೋಗುತ್ತದೆ. ಆ ಊರಿನ ಕಂಟ್ರೋಲ್ ರೂಮಿನಲ್ಲಿ ಮತ್ತೆ ಕ್ವಾಮ್ ಮಾಡಿ ಬೀದಿಗೆ ಬಿಡುತ್ತಾರೆ. 500 ಕಿ.ಮೀ. ದೂರ ಈಗ ಲೆಕ್ಕಕ್ಕೇ ಇಲ್ಲ, ಆ ಕೊನೆಯ ಕ್ವಾಮ್‌ನಿಂದ ನಿಮ್ಮ ಮನೆವರೆಗಿನದೇ ಲೆಕ್ಕ.

ಈಗೀಗ ಮನೆಯವರೆಗೂ ಫೈಬರ್ ಬರುತ್ತಿದೆ. ಒಂದೇ ಎಳೆಯಲ್ಲಿ 1490 ನ್ಯಾನೊಮೀಟರ್ ಬೆಳಕಿನಲ್ಲಿ ಇಂಟರ್ನೆಟ್ ಬರುತ್ತದೆ, 1310ರಲ್ಲಿ ವಾಪಸ್ ಹೋಗುತ್ತದೆ, 1550ರಲ್ಲಿ ಟಿವಿ ಬರುತ್ತದೆ. ಗೋಡೆಯ ಪುಟ್ಟ ಡಬ್ಬಿಯಲ್ಲಿ ಸಿಎಟಿವಿ ಅಂತ ಬರೆದ ಒಂದು ತೂತು ಇದ್ದರೆ ನಿಮ್ಮದೂ ಇದೇ ಪದ್ಧತಿ. ಬೀದಿಯ ಎಲೆಕ್ಟ್ರಿಕ್ ಆಂಪ್ಲಿಫೈಯರ್‌ಗಳೆಲ್ಲ ಹೋದವು. ಬೆಳಕನ್ನೇ ಎತ್ತುವ ಒಂದೋ ಎರಡೋ ಯಂತ್ರ ದಾರಿಯಲ್ಲಿ ಉಳಿದವು.

ಅದರಲ್ಲೂ ಒಂದು ದೂರು ಮಾತ್ರ ಆಗಾಗ ಕೇಳುತ್ತದೆ: ಇಂಟರ್ನೆಟ್ ಓಡುತ್ತಿದೆ, ಟಿವಿ ಮಾತ್ರ ಬರುತ್ತಿಲ್ಲ. ಒಂದೇ ಎಳೆ, ಹೇಗೆ ಸಾಧ್ಯ? ಇಂಟರ್ನೆಟ್‌ನ ಬೆಳಕು ಇದೆ ಅಥವಾ ಇಲ್ಲ ಅನ್ನುವುದಷ್ಟೇ ಗೊತ್ತಾದರೆ ಸಾಕು, ತೀರಾ ಮಸುಕಾದ ಬೆಳಕಿನಲ್ಲೂ ಕೆಲಸ ನಡೆಯುತ್ತದೆ. ಟಿವಿಯ ಬೆಳಕಿನಲ್ಲಿ 64 ಚುಕ್ಕೆಗಳ ಆಟ ಹಾಗೇ ಕೂತಿದೆ, ಅದೂ ಎಲ್ಲ ಚಾನೆಲ್‌ಗಳದ್ದು ಒಟ್ಟಿಗೆ. ಅದಕ್ಕೆ ಹತ್ತಾರು ಪಟ್ಟು ಜಾಸ್ತಿ ಬೆಳಕು ಬೇಕು. ಮೇಲಾಗಿ ಎಳೆ ಬಾಗಿದ ಕಡೆ 1550ರ ಬೆಳಕು ಉಳಿದೆರಡಕ್ಕಿಂತ ಬೇಗ ಹೊರಗೆ ಸೋರುತ್ತದೆ. ಟೇಬಲ್ ಸರಿಸುವಾಗ ಆ ಹಳದಿ ಎಳೆ ಗೋಡೆಗೂ ಕಾಲಿಗೂ ಮಧ್ಯೆ ಮಡಚಿಕೊಂಡರೆ ಮೊದಲು ಹೋಗುವುದು ಟಿವಿಯೇ. ಬಾಕ್ಸ್ ಆಫ್ ಮಾಡಿ ಆನ್ ಮಾಡುವ ಮುಂಚೆ ಡಬ್ಬಿಯ ಹಿಂದೆ ಕೈ ಹಾಕಿ, ಎಳೆಯನ್ನು ಬಿಡಿಸಿ, ಅಂಗೈ ಅಗಲದ ಸುತ್ತು ಮಾಡಿ ಬಿಡಿ. ಎಷ್ಟೋ ಸಲ ಅಷ್ಟರಲ್ಲೇ ಚಿತ್ರ ಬರುತ್ತದೆ. ಬರದಿದ್ದರೆ ಆಪರೇಟರ್‌ಗೆ ಫೋನ್ ಮಾಡಿ, ಆ ಹುಡುಗನಿಗೆ ಬೆಳಕು ಅಳೆಯುವ ಆಪ್ಟಿಕಲ್ ಪವರ್ ಮೀಟರ್ ತರಲು ಹೇಳಿ.